ವೀಸಾ ಫ್ರೀ ಅಂದ್ರೆ ಎಂಟ್ರಿ ಫ್ರೀ ಅಲ್ಲ: ಬ್ಯಾಂಕಾಕ್, ದುಬೈಗೆ ಹೊರಡುವ ಮುನ್ನ ಒಮ್ಮೆ ಓದಿ

ನಂದಿಕೂರು: ಪಡುಬಿದ್ರಿ–ಕಾರ್ಕಳ ರಸ್ತೆಯ ಬದಿಯ ಅಂಗಡಿಗಳಲ್ಲಿ ಈಗ ಎರಡು ಥರದ ವಿದೇಶ ಪ್ರಯಾಣದ ಸುದ್ದಿ ಉಂಟು. ಒಂದು, ಸಿಮೆಂಟ್, ಪೇಂಟ್, ಟೈಲ್ಸ್, ಟಯರ್ ಕಂಪೆನಿಗಳು ಟಾರ್ಗೆಟ್ ಮುಟ್ಟಿಸಿದ ಡೀಲರ್‌ಗಳಿಗೆ ಕೊಡುವ ಬ್ಯಾಂಕಾಕ್, ಮಲೇಷ್ಯಾ ಟೂರ್. ಇನ್ನೊಂದು, "ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಹೋದ ಮೇಲೆ ಕೆಲಸ ನೋಡುವ" ಎಂಬ ದುಬೈ ದಾರಿ. ಮೊದಲನೆಯವರು ಪ್ರವಾಸಿಗರು. ಎರಡನೆಯವರು ಕಾಗದದಲ್ಲಿ ಮಾತ್ರ ಪ್ರವಾಸಿಗರು. ಆದರೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕುಳಿತ ಅಧಿಕಾರಿಗೆ ಇಬ್ಬರೂ ಒಂದೇ ಸಾಲಿನಲ್ಲಿ ನಿಂತವರು. ಹಾಗಾಗಿ ಎರಡನೆಯವರ ಮೇಲಿನ ಸಂಶಯದ ಬಿಸಿ ಈಗ ಮೊದಲನೆಯವರಿಗೂ ತಟ್ಟುತ್ತಿದೆ.

ಕಳೆದ ಎರಡು ಮೂರು ವರ್ಷಗಳಲ್ಲಿ ಭಾರತೀಯರಿಗೆ ಹಲವು ದೇಶಗಳು ಬಾಗಿಲು ತೆರೆದವು. ಅದೇ ಅವಧಿಯಲ್ಲಿ ಕೆಲವು ಬಾಗಿಲು ಬಿಗಿಯಾದವು, ಒಂದು ಮುಚ್ಚಿಯೇ ಹೋಯಿತು. ಯಾಕೆ ಹೀಗಾಯಿತು, ಕಾಪು ತಾಲೂಕಿನ ಸಾಮಾನ್ಯ ಕುಟುಂಬಕ್ಕೆ ಇದರಿಂದ ಏನು ಎಂಬುದು ಇಲ್ಲಿದೆ.

ತೆರೆದ ಬಾಗಿಲುಗಳು

ಥಾಯ್ಲೆಂಡ್ 2023ರ ನವೆಂಬರ್ 10ರಿಂದ ಭಾರತೀಯರಿಗೆ ವೀಸಾ ಇಲ್ಲದೆ 30 ದಿನ ಇರಲು ಅವಕಾಶ ಕೊಟ್ಟಿತು. 2024ರ ಜುಲೈ 15ರಿಂದ ಅದನ್ನು 60 ದಿನಕ್ಕೆ ಏರಿಸಿತು. ಮಲೇಷ್ಯಾ 2023ರ ಡಿಸೆಂಬರ್ 1ರಿಂದ 30 ದಿನದ ವೀಸಾ ಮುಕ್ತ ಪ್ರವೇಶ ಶುರು ಮಾಡಿ, ಅದನ್ನು 2026ರ ಡಿಸೆಂಬರ್ 31ರ ತನಕ ವಿಸ್ತರಿಸಿದೆ. ಇರಾನ್ ಕೂಡ 2024ರ ಫೆಬ್ರವರಿ 4ರಿಂದ ವಿಮಾನದಲ್ಲಿ ಬರುವ ಭಾರತೀಯ ಪ್ರವಾಸಿಗರಿಗೆ 15 ದಿನದ ಮಟ್ಟಿಗೆ ವೀಸಾ ಬೇಡ ಎಂದಿತ್ತು.

ಇದು ಯಾರೂ ಪ್ರೀತಿಗಾಗಿ ಮಾಡಿದ್ದಲ್ಲ, ಲೆಕ್ಕಾಚಾರ ಉಂಟು. ಕೊರೊನಾ ನಂತರ ಚೀನಾದ ಪ್ರವಾಸಿಗರು ಮೊದಲಿನಷ್ಟು ಬರಲಿಲ್ಲ. ಹೋಟೆಲು, ಬಸ್ಸು, ಮಾರುಕಟ್ಟೆ ಎಲ್ಲ ಖಾಲಿ ಹೊಡೆಯುತ್ತಿದ್ದಾಗ ಆ ದೇಶಗಳ ಕಣ್ಣು ಭಾರತದ ಮೇಲೆ ಬಿತ್ತು. ಥಾಯ್ಲೆಂಡಿಗೆ 2024ರಲ್ಲಿ ಹೋದ ಭಾರತೀಯರ ಸಂಖ್ಯೆ 20 ಲಕ್ಷ ದಾಟಿತು. ಅವರಿಗೆ ಬೇಕಾದ್ದು ಖರ್ಚು ಮಾಡಿ ಊರಿಗೆ ಮರಳುವ ಜನ. ಖರ್ಚಿಗೆ ಹಣವಿಲ್ಲದೆ ಬಂದು, ಮರಳುವ ಟಿಕೆಟೂ ಇಲ್ಲದ ಜನ ಅಲ್ಲ. ಇಡೀ ನಿಯಮ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಹಾಗಾಗಿ ವೀಸಾ ತೆಗೆದರೂ ಪ್ರಶ್ನೆ ಕೇಳುವುದನ್ನು ತೆಗೆದಿಲ್ಲ. ಥಾಯ್ಲೆಂಡಿಗೆ ಹೋಗುವವರು 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಆನ್‌ಲೈನಿನಲ್ಲಿ ತುಂಬಲೇಬೇಕು. ತಲುಪುವ ದಿನಕ್ಕೆ ಮೂರು ದಿನ ಮೊದಲಿನಿಂದ ತುಂಬಬಹುದು, ಸರಕಾರದ ಜಾಲತಾಣದಲ್ಲಿ ಅದಕ್ಕೆ ಒಂದು ರೂಪಾಯಿಯೂ ಇಲ್ಲ. ಅದರ ಹೆಸರಿನಲ್ಲಿ ಹಣ ಕೇಳುವ ಜಾಲತಾಣ ಕಂಡರೆ ಅದು ಮಧ್ಯವರ್ತಿಗಳದ್ದು ಎಂದು ತಿಳಿಯಬೇಕು. ಮಲೇಷ್ಯಾಕ್ಕೂ ಇಂಥದ್ದೇ ಡಿಜಿಟಲ್ ಕಾರ್ಡ್ ಉಂಟು, ಅದೂ ಉಚಿತ. ಎರಡೂ ಕಡೆ ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ವಾಯಿದೆ ಉಳಿದಿರಬೇಕು. "ಇನ್ನೂ ನಾಲ್ಕು ತಿಂಗಳು ಉಂಟಲ್ಲ, ಸಾಕು" ಎಂದು ಹೊರಟವರು ವಿಮಾನ ಹತ್ತುವುದೇ ಕಷ್ಟ.

ಒಂದಲ್ಲ, ಮೂರು ಗೇಟು

ಹೆಚ್ಚಿನವರು ತಿಳಿದುಕೊಂಡಿರುವುದು ವೀಸಾ ಇದ್ದರೆ ಅಥವಾ ವೀಸಾ ಬೇಡದಿದ್ದರೆ ಆಯಿತು ಎಂದು. ನಿಜವಾಗಿ ಪ್ರಯಾಣಿಕ ದಾಟಬೇಕಾದ್ದು ಮೂರು ಗೇಟು.

ಮೊದಲನೆಯದು ವಿಮಾನ ಕಂಪೆನಿಯ ಕೌಂಟರ್. ಸರಿಯಾದ ದಾಖಲೆ ಇಲ್ಲದ ಪ್ರಯಾಣಿಕನನ್ನು ಕರೆದುಕೊಂಡು ಹೋದರೆ ಅವನನ್ನು ವಾಪಸ್ ತರುವ ಜವಾಬ್ದಾರಿ ಅದೇ ಕಂಪೆನಿಯದ್ದು. ಕೆಲವು ದೇಶಗಳಲ್ಲಿ ದಂಡವೂ ಬೀಳುತ್ತದೆ. ಹಾಗಾಗಿ ಬೋರ್ಡಿಂಗ್ ಪಾಸ್ ಕೊಡುವ ಸಿಬ್ಬಂದಿ ರಿಟರ್ನ್ ಟಿಕೆಟ್ ಉಂಟಾ, ಹೋಟೆಲ್ ಯಾವುದು ಎಂದು ಕೇಳುವುದು ಕಿರಿಕಿರಿ ಮಾಡಲಿಕ್ಕಲ್ಲ, ಅವರ ತಲೆ ಉಳಿಸಿಕೊಳ್ಳಲಿಕ್ಕೆ.

ಎರಡನೆಯದು ನಮ್ಮದೇ ದೇಶದ ಇಮಿಗ್ರೇಷನ್. ಪ್ರವಾಸಿ ಎಂದು ಹೇಳಿಕೊಂಡು ಹೊರಟವನ ಕೈಯಲ್ಲಿ ಹೋಟೆಲ್ ಬುಕಿಂಗ್ ಇಲ್ಲ, ಬ್ಯಾಗಿನಲ್ಲಿ ಮಾರ್ಕ್ಸ್ ಕಾರ್ಡ್, ಬಯೋಡೇಟಾ ಇದ್ದರೆ ಅಲ್ಲಿ ಪ್ರಶ್ನೆ ಏಳುತ್ತದೆ. ಉತ್ತರ ತಾಳೆಯಾಗದಿದ್ದರೆ ಪ್ರಯಾಣ ತಡೆಯುವುದೂ ಉಂಟು.

ಮೂರನೆಯದು ಹೋಗಿ ಇಳಿಯುವ ದೇಶದ ಇಮಿಗ್ರೇಷನ್. ಕೊನೆಯ ಮಾತು ಅವರದ್ದು. ವೀಸಾ ಅಥವಾ ವೀಸಾ ವಿನಾಯಿತಿ ಎಂಬುದು ಅವರ ಬಾಗಿಲ ತನಕ ಬರಲು ಅನುಮತಿ ಅಷ್ಟೆ, ಒಳಗೆ ಬಿಡುವುದು ಬಿಡದಿರುವುದು ಆ ಅಧಿಕಾರಿಗೆ ಸೇರಿದ್ದು. 2025ರ ಜುಲೈಯಲ್ಲಿ ಕೌಲಾಲಂಪುರ ವಿಮಾನ ನಿಲ್ದಾಣದಲ್ಲಿ ಒಂದೇ ತಪಾಸಣೆಯಲ್ಲಿ 99 ವಿದೇಶೀಯರಿಗೆ ಪ್ರವೇಶ ನಿರಾಕರಿಸಲಾಯಿತು. ಹೆಚ್ಚಿನವರು ಬಾಂಗ್ಲಾದೇಶದವರು, ಅವರ ಜೊತೆ ಭಾರತೀಯರೂ ಇದ್ದರು. ಹೀಗೆ ವಾಪಸ್ ಬಂದವರಿಗೆ ಟಿಕೆಟ್ ಹಣವೂ ಇಲ್ಲ, ಹೋಟೆಲ್ ಹಣವೂ ಇಲ್ಲ. ಮುಂದಿನ ಸಲ ಬೇರೆ ದೇಶದ ವೀಸಾ ಅರ್ಜಿಯಲ್ಲಿ "ಈ ಮೊದಲು ಯಾವುದಾದರೂ ದೇಶ ಪ್ರವೇಶ ನಿರಾಕರಿಸಿದೆಯೇ" ಎಂಬ ಪ್ರಶ್ನೆಗೆ ಹೌದು ಎಂದೇ ಬರೆಯಬೇಕಾಗುತ್ತದೆ.

ಇರಾನ್ ಬಾಗಿಲು ಮುಚ್ಚಿದ್ದು ಯಾಕೆ?

ಇರಾನಿನ ಕತೆ ನಮ್ಮ ಊರಿಗೆ ದೂರದ್ದು ಅನಿಸಬಹುದು. ಆದರೆ ಒಂದು ಸೌಲಭ್ಯ ಹೇಗೆ ಕೈತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ವೀಸಾ ಬೇಡ ಎಂದಾದ ಕೂಡಲೇ ಏಜೆಂಟರು ಆ ದಾರಿ ಹಿಡಿದರು. ಕೆಲಸ ಕೊಡಿಸುತ್ತೇವೆ, ಅಲ್ಲಿಂದ ಮುಂದೆ ಬೇರೆ ದೇಶಕ್ಕೆ ದಾಟಿಸುತ್ತೇವೆ ಎಂದು ಯುವಕರನ್ನು ಇರಾನಿಗೆ ಇಳಿಸಿದರು. ಇಳಿದ ಮೇಲೆ ಅಪಹರಣ, ಮನೆಯವರಿಗೆ ಫೋನ್ ಮಾಡಿ ಹಣಕ್ಕೆ ಬೇಡಿಕೆ. 2025ರ ಮೇ ತಿಂಗಳಲ್ಲಿ ಪಂಜಾಬಿನ ಮೂವರು ಯುವಕರು ಹೀಗೆ ಸಿಕ್ಕಿಬಿದ್ದದ್ದು ದೇಶದಾದ್ಯಂತ ಸುದ್ದಿಯಾಗಿತ್ತು. ಅವರು ಹೊರಟದ್ದು ಆಸ್ಟ್ರೇಲಿಯಾಕ್ಕೆ.

ಕೊನೆಗೆ ಇರಾನ್ ಸರಕಾರ 2025ರ ನವೆಂಬರ್ 22ರಿಂದ ಸಾಮಾನ್ಯ ಪಾಸ್‌ಪೋರ್ಟಿನ ಭಾರತೀಯರಿಗಿದ್ದ ವೀಸಾ ವಿನಾಯಿತಿಯನ್ನು ಅಮಾನತು ಮಾಡಿತು. ಈಗ ಆ ದೇಶ ನೋಡಲಿಕ್ಕೂ, ಆ ದೇಶದ ಮೂಲಕ ಮುಂದೆ ಹೋಗಲಿಕ್ಕೂ ವೀಸಾ ಬೇಕು. ಕೆಲಸದ ಆಸೆ, ಅಪಹರಣ ಎಂಬ ಕಾರಣವನ್ನು ಭಾರತದ ವಿದೇಶಾಂಗ ಸಚಿವಾಲಯವೇ ತನ್ನ ಎಚ್ಚರಿಕೆಯಲ್ಲಿ ಹೇಳಿತ್ತು. ಅಂದರೆ ಎರಡು ವರ್ಷ ಕೂಡ ಆಗುವ ಮೊದಲೇ, ಏಜೆಂಟರ ದಂಧೆಯಿಂದಾಗಿ ನಿಜವಾದ ಪ್ರವಾಸಿಗರ ಸೌಲಭ್ಯ ಹೋಯಿತು.

ಥಾಯ್ಲೆಂಡಿನಲ್ಲೂ ಇದರ ಇನ್ನೊಂದು ರೂಪ ಉಂಟು. ಡಾಟಾ ಎಂಟ್ರಿ ಕೆಲಸ, ತಿಂಗಳಿಗೆ ಒಳ್ಳೆಯ ಸಂಬಳ ಎಂದು ನಂಬಿಸಿ ವೀಸಾ ಇಲ್ಲದೆ ಬ್ಯಾಂಕಾಕಿಗೆ ಇಳಿಸುವುದು, ಅಲ್ಲಿಂದ ಕಾರಿನಲ್ಲಿ ಗಡಿಯ ಮೇ ಸೋಟ್ ಪಟ್ಟಣಕ್ಕೆ, ನಂತರ ಹೊಳೆ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿಗೆ. ಅಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು ಆನ್‌ಲೈನ್ ವಂಚನೆಯ ಕೆಲಸಕ್ಕೆ ಕೂರಿಸುತ್ತಾರೆ. 2025ರ ಮಾರ್ಚಿನಲ್ಲಿ ಭಾರತ ಸರಕಾರ ವಾಯುಪಡೆಯ ವಿಮಾನದಲ್ಲಿ ಹೀಗೆ ಸಿಲುಕಿದ್ದ 549 ಮಂದಿಯನ್ನು ವಾಪಸ್ ಕರೆತಂದಿತು. ಅದೇ ವರ್ಷದ ನವೆಂಬರಿನಲ್ಲಿ ಮತ್ತೆ ನೂರಾರು ಮಂದಿಯನ್ನು ಕರೆತರಬೇಕಾಯಿತು. ನಮ್ಮ ಫೋನಿಗೆ ಬರುವ "ಡಿಜಿಟಲ್ ಅರೆಸ್ಟ್", ಶೇರು ಹೂಡಿಕೆ ವಂಚನೆಯ ಕರೆಗಳಲ್ಲಿ ಇಂಥ ಜಾಗಗಳಿಂದ ಬರುವಂಥದ್ದೂ ಉಂಟು. ಕರೆ ಮಾಡುವ ಹುಡುಗನೂ ಮೋಸ ಹೋದವನೇ ಆಗಿರಬಹುದು.

ಥಾಯ್ಲೆಂಡ್ 60 ದಿನವನ್ನು ಮತ್ತೆ 30ಕ್ಕೆ ಇಳಿಸುವ ಮಾತು 2025ರಿಂದಲೇ ಅಲ್ಲಿ ನಡೆಯುತ್ತಿದೆ. ವೀಸಾ ಇಲ್ಲದೆ ಬಂದವರು ಅಕ್ರಮವಾಗಿ ಕೆಲಸ, ವ್ಯಾಪಾರ ಮಾಡುತ್ತಾರೆ ಎಂಬುದೇ ಅವರು ಕೊಡುವ ಕಾರಣ. ಆದ್ದರಿಂದ ಟಿಕೆಟ್ ಮಾಡುವ ಮೊದಲು ಆ ದಿನದ ನಿಯಮ ಏನು ಎಂದು ರಾಯಭಾರ ಕಚೇರಿಯ ಜಾಲತಾಣದಲ್ಲಿ ನೋಡುವುದು ಒಳ್ಳೆಯದು. ಕಳೆದ ವರ್ಷ ಹೋಗಿ ಬಂದ ನೆರೆಮನೆಯವರ ಅನುಭವ ಈ ವರ್ಷಕ್ಕೆ ಹೊಂದಲಿಕ್ಕಿಲ್ಲ.

ದುಬೈ ಬಿಗಿಯಾದದ್ದು, ಅಮ್ಮಂದಿರಿಗೆ ಕಷ್ಟ

ಕರಾವಳಿಯವರಿಗೆ ವಿದೇಶ ಅಂದ್ರೆ ಮೊದಲು ದುಬೈ. 2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾದ ಮೇಲಂತೂ ಮುಂಬೈ ಸುತ್ತಿ ಹೋಗುವ ಕಾಲ ಮುಗಿಯಿತು. ವಿಸಿಟ್ ವೀಸಾ ಸಿಗುವುದೂ ಸುಲಭವಿತ್ತು. ಟ್ರಾವೆಲ್ ಏಜೆನ್ಸಿಗೆ ಪಾಸ್‌ಪೋರ್ಟ್ ಕಾಪಿ, ಫೋಟೊ ಕೊಟ್ಟರೆ ಕೆಲವೇ ದಿನದಲ್ಲಿ ಮೊಬೈಲಿಗೆ ವೀಸಾ ಬರುತ್ತಿತ್ತು.

2024ರಲ್ಲಿ ಇದು ಬದಲಾಯಿತು. ರಿಟರ್ನ್ ಟಿಕೆಟ್, ಉಳಿಯುವ ಜಾಗದ ದಾಖಲೆ, ಕೈಯಲ್ಲಿ ಅಥವಾ ಖಾತೆಯಲ್ಲಿ 3,000 ದಿರ್ಹಮ್ ಇರುವ ಪುರಾವೆ ಕೇಳಲು ಶುರುವಾಯಿತು. ಆ ವರ್ಷದ ಕೊನೆಗೆ ಹೋಟೆಲ್ ಬುಕಿಂಗ್ ಮತ್ತು ರಿಟರ್ನ್ ಟಿಕೆಟನ್ನು ಅರ್ಜಿಯ ಜೊತೆಗೇ ಹಾಕಬೇಕಾಯಿತು. ಸಂಬಂಧಿಕರ ಮನೆಯಲ್ಲಿ ಉಳಿಯುವುದಾದರೆ ಆ ಮನೆಯ ಬಾಡಿಗೆ ಕರಾರು, ಮನೆಯವರ ಎಮಿರೇಟ್ಸ್ ಐಡಿ, ವೀಸಾ ಕಾಪಿ ಕೊಡಬೇಕು.

ಮಗಳ ಬಾಣಂತನಕ್ಕೆ ಹೊರಟ ತಾಯಿಗೆ ಇದು ದೊಡ್ಡ ತಲೆನೋವು. ಮಗಳು ಅಳಿಯ ಇರುವುದು ಶೇರಿಂಗ್ ರೂಮಿನಲ್ಲಾದರೆ ಬಾಡಿಗೆ ಕರಾರು ಬೇರೆಯವರ ಹೆಸರಿನಲ್ಲಿರುತ್ತದೆ. ಹೆರಿಗೆಯ ದಿನ ಅಧಿಕಾರಿಯ ಫೈಲಿಗೆ ಕಾಯುವುದಿಲ್ಲ. ಅರ್ಜಿ ತಿರಸ್ಕಾರವಾದರೆ ವೀಸಾ ಶುಲ್ಕ ವಾಪಸ್ ಬರುವುದಿಲ್ಲ, ಮೊದಲೇ ತೆಗೆದ ಟಿಕೆಟಿನ ಹಣಕ್ಕೂ ಕತ್ತರಿ. ಆದ್ದರಿಂದ ಇಂಥ ಪ್ರಯಾಣಕ್ಕೆ ಒಂದೆರಡು ತಿಂಗಳು ಮೊದಲೇ ಕಾಗದ ಹೊಂದಿಸಿಕೊಳ್ಳಬೇಕು. ರದ್ದು ಮಾಡಬಹುದಾದ ಟಿಕೆಟ್ ಸ್ವಲ್ಪ ದುಬಾರಿಯಾದರೂ ಲಾಭ.

ನಿಯಮ ಬಿಗಿಯಾಗಲು ಕಾರಣ ವಿಸಿಟ್ ವೀಸಾದಲ್ಲಿ ಹೋಗಿ ಉಳಿದುಕೊಳ್ಳುವವರು. ವಾಯಿದೆ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ. ಒಂದು ತಿಂಗಳಿಗೆ 1,500 ದಿರ್ಹಮ್ ಆಯಿತು, ಅಂದರೆ ನಮ್ಮ ಮೂವತ್ತು ಸಾವಿರ ರೂಪಾಯಿಗೂ ಹೆಚ್ಚು. ಹೀಗೆ ದಂಡ ಬೆಳೆದು ಊರಿಗೂ ಬರಲಾಗದೆ ಕುಳಿತವರಿಗಾಗಿ ಯುಎಇ ಸರಕಾರ 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರ ತನಕ ಕ್ಷಮಾದಾನ ಯೋಜನೆ ನಡೆಸಿತು. ಅದು ಮುಗಿದ ಮೇಲೆ ತಪಾಸಣೆ ಜಾಸ್ತಿಯಾಯಿತು. ವಿಸಿಟ್ ವೀಸಾದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಮಾಲೀಕರಿಗೆ ದಂಡ 1 ಲಕ್ಷದಿಂದ 10 ಲಕ್ಷ ದಿರ್ಹಮ್ ತನಕ ಎಂದು 2024ರಲ್ಲೇ ಕಾನೂನು ಬಂದಿದೆ. ಇಷ್ಟು ದಂಡದ ಹೆದರಿಕೆ ಇರುವಾಗ ಒಳ್ಳೆಯ ಕಂಪೆನಿ ಇಂಥವರನ್ನು ಒಳಗೆ ಬಿಡುವುದಿಲ್ಲ. ಬಿಡುವವನು ಸಂಬಳ ಕೊಡದಿದ್ದರೆ ದೂರು ಕೊಡಲು ಕೆಲಸಗಾರನ ಹತ್ತಿರ ಕಾಗದವೇ ಇರುವುದಿಲ್ಲ.

ಹಾಗಾದರೆ ವಿಸಿಟ್‌ನಲ್ಲಿ ಹೋಗಿ ಗೆದ್ದವರು?

ಈ ಪ್ರಶ್ನೆ ಯಾರಾದರೂ ಕೇಳಿಯೇ ಕೇಳುತ್ತಾರೆ. ವಿಸಿಟ್ ವೀಸಾದಲ್ಲಿ ಹೋಗಿ, ಇಂಟರ್‌ವ್ಯೂ ಕೊಟ್ಟು, ಕಂಪೆನಿಯಿಂದ ಕೆಲಸದ ವೀಸಾ ಮಾಡಿಸಿಕೊಂಡು ಈಗ ಊರಲ್ಲಿ ಮನೆ ಕಟ್ಟಿಸಿದವರು ಎಲ್ಲ ಗ್ರಾಮದಲ್ಲೂ ಇದ್ದಾರೆ. ಅದು ಸುಳ್ಳಲ್ಲ. ಆದರೆ ಅವರಲ್ಲಿ ಹೆಚ್ಚಿನವರಿಗೆ ಅಲ್ಲಿ ಅಣ್ಣನೋ ಮಾವನೋ ಇದ್ದರು. ಉಳಿಯಲು ಜಾಗ, ಊಟ, ಪರಿಚಯ ಇತ್ತು. ಕೆಲಸ ಸಿಗದಿದ್ದರೆ ವಾಯಿದೆಯೊಳಗೆ ಟಿಕೆಟ್ ಮಾಡಿ ಕಳುಹಿಸುವವರೂ ಇದ್ದರು. ಯಾರ ಪರಿಚಯವೂ ಇಲ್ಲದೆ, ಏಜೆಂಟನ ಒಂದು ಮಾತು ನಂಬಿ, ಸೊಸೈಟಿಯಲ್ಲಿ ಚಿನ್ನ ಇಟ್ಟು ಹೊರಡುವ ಹುಡುಗನಿಗೆ ಅದೇ ದಾರಿ ಬೇರೆಯೇ ಆಗುತ್ತದೆ. ಗೆದ್ದವರ ಕತೆ ಮದುವೆ ಮನೆಯಲ್ಲಿ ಕೇಳುತ್ತದೆ. ಸೋತು ಬಂದವರು ಹೇಳಿಕೊಳ್ಳುವುದಿಲ್ಲ.

ಕಾನೂನಿನ ದಾರಿಯೂ ಉಂಟು. ಯುಎಇ 2022ರ ಅಕ್ಟೋಬರಿನಿಂದ ಪದವೀಧರರಿಗೆ ಕೆಲಸ ಹುಡುಕಲೆಂದೇ ಪ್ರತ್ಯೇಕ ವೀಸಾ ತಂದಿದೆ. ಪದವಿ ಇಲ್ಲದವರಿಗೆ ಊರಲ್ಲೇ ಕೆಲಸದ ಕರಾರು, ಎಂಪ್ಲಾಯ್‌ಮೆಂಟ್ ವೀಸಾ ಕೈಗೆ ಬಂದ ಮೇಲೆ ಹೊರಡುವುದೇ ಸುರಕ್ಷಿತ.

ಹತ್ತನೇ ಕ್ಲಾಸ್ ಪಾಸಾಗದವರಿಗೆ ಇಲ್ಲಿ ಇನ್ನೊಂದು ವಿಷಯ ಉಂಟು. ಅವರ ಪಾಸ್‌ಪೋರ್ಟ್ ಇಸಿಆರ್ ವರ್ಗಕ್ಕೆ ಸೇರುತ್ತದೆ. ಗಲ್ಫ್ ದೇಶಗಳು, ಮಲೇಷ್ಯಾ, ಥಾಯ್ಲೆಂಡ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಇವರಿಗೆ ಸರಕಾರದ ಎಮಿಗ್ರೇಷನ್ ಅನುಮತಿ ಬೇಕು. 1983ರ ಎಮಿಗ್ರೇಷನ್ ಕಾಯ್ದೆಯಡಿ ಬಂದ ಈ ವ್ಯವಸ್ಥೆ ಹಲವರಿಗೆ ಅಡ್ಡಿಯಂತೆ ಕಾಣುತ್ತದೆ. ನಿಜವಾಗಿ ಅದು ಕೆಲಸಗಾರನ ಬೆನ್ನಿಗೆ ನಿಲ್ಲುವ ವ್ಯವಸ್ಥೆ. ಅನುಮತಿ ಸಿಗುವಾಗ ಕೆಲಸದ ಕರಾರು ದಾಖಲಾಗುತ್ತದೆ, ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿ ವಿಮೆ ಸಿಗುತ್ತದೆ. ವಿಸಿಟ್ ವೀಸಾದಲ್ಲಿ ತಪ್ಪಿಸಿಕೊಂಡು ಹೋದವನಿಗೆ ಇದು ಯಾವುದೂ ಇಲ್ಲ. ಇಸಿಆರ್ ಪಾಸ್‌ಪೋರ್ಟಿನವರು ನಿಜವಾಗಿ ಪ್ರವಾಸಕ್ಕೇ ಹೋಗುವುದಾದರೆ ಅನುಮತಿ ಬೇಡ, ಆದರೆ ರಿಟರ್ನ್ ಟಿಕೆಟ್ ಕೈಯಲ್ಲಿರಲಿ. ಹತ್ತನೇ ಪಾಸಾಗಿಯೂ ಪಾಸ್‌ಪೋರ್ಟ್ ಇಸಿಆರ್ ಆಗಿದ್ದರೆ ಮಾರ್ಕ್ಸ್ ಕಾರ್ಡ್ ಕೊಟ್ಟು ಬದಲಾಯಿಸಿಕೊಳ್ಳಬಹುದು.

ಈ ಜಿಲ್ಲೆಗೆ ಇದರ ನೋವು ಹೊಸದಲ್ಲ. 2016ರಲ್ಲಿ ಕತಾರಿನಲ್ಲಿ ಕೆಲಸ ಎಂದು ನಂಬಿ ಹೊರಟ ಜಿಲ್ಲೆಯ ಮಹಿಳೆಯೊಬ್ಬರು ಸೌದಿಗೆ ತಲುಪಿ ಮನೆಗೆಲಸದಲ್ಲಿ ಸಿಲುಕಿದ್ದರು. ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶ್ಯಾನುಭೋಗ್ ಅವರು ಬೆನ್ನುಬಿದ್ದು ಪ್ರಯತ್ನಿಸಿದ ಮೇಲೆ, ಒಂದು ವರ್ಷಕ್ಕೂ ಹೆಚ್ಚು ಕಳೆದು 2017ರ ಸೆಪ್ಟೆಂಬರಿನಲ್ಲಿ ಅವರು ಊರಿಗೆ ಮರಳಿದರು. 2019ರಲ್ಲಿ ಕುವೈತಿನಲ್ಲಿ ಸಂಬಳ, ಊಟ ಇಲ್ಲದೆ ಸಿಲುಕಿದ ದಕ್ಷಿಣ ಕನ್ನಡದ ಯುವಕರು ವಿಡಿಯೊ ಮಾಡಿ ಸಹಾಯ ಕೇಳಿದ್ದನ್ನೂ ಜನ ಮರೆತಿಲ್ಲ. ನಂದಿಕೂರು ಸುತ್ತ ವಿದ್ಯುತ್ ಸ್ಥಾವರ, ಕೈಗಾರಿಕಾ ಪ್ರದೇಶ ಎಲ್ಲ ಬಂದರೂ ಯುವಕರು ಹೊರಗೆ ನೋಡುವುದು ನಿಂತಿಲ್ಲ. ಹೋಗುವುದು ತಪ್ಪಲ್ಲ. ಕಾಗದ ಇಲ್ಲದೆ ಹೋಗುವುದು ಅಪಾಯ.

ಅಂಗಡಿಯವರು ಗಮನಿಸಿ

ಕಂಪೆನಿ ಟೂರಿಗೆ ಹೊರಡುವ ವ್ಯಾಪಾರಿಗಳಿಗೆ ನಾಲ್ಕು ಮಾತು. ಒಂದು, ಟೂರ್ ಫ್ರೀ ಎಂದರೂ ತೆರಿಗೆ ಲೆಕ್ಕದಲ್ಲಿ ಫ್ರೀ ಅಲ್ಲ. 2022ರ ಜುಲೈ 1ರಿಂದ ವ್ಯಾಪಾರದ ಸಂಬಂಧ ವರ್ಷಕ್ಕೆ 20,000 ರೂಪಾಯಿ ಮೀರಿದ ಇಂಥ ಉಡುಗೊರೆ, ಪ್ರವಾಸಕ್ಕೆ ಕೊಡುವ ಕಂಪೆನಿ ಶೇ. 10 ಟಿಡಿಎಸ್ ಕಟ್ಟಬೇಕು. ಅದು ನಿಮ್ಮ ಪಾನ್ ಖಾತೆಯಲ್ಲಿ ಕಾಣುತ್ತದೆ. ರಿಟರ್ನ್ಸ್ ಹಾಕುವಾಗ ಅಕೌಂಟೆಂಟಿಗೆ ಮರೆಯದೆ ತಿಳಿಸಿ.

ಎರಡು, ಹೋಟೆಲ್ ಹೆಸರು, ರಿಟರ್ನ್ ಟಿಕೆಟ್, ಟೂರ್ ವೇಳಾಪಟ್ಟಿ ಗ್ರೂಪ್ ಲೀಡರ್ ಹತ್ತಿರ ಇದ್ದರೆ ಸಾಲದು. ಪ್ರತಿಯೊಬ್ಬರ ಹತ್ತಿರ ಪ್ರಿಂಟ್ ಇರಬೇಕು. ಇಮಿಗ್ರೇಷನ್ ಸಾಲಿನಲ್ಲಿ ಪ್ರಶ್ನೆ ಕೇಳುವುದು ಒಬ್ಬೊಬ್ಬರನ್ನೇ. ಇಂಗ್ಲಿಷ್ ಬಾರದಿದ್ದರೂ ತೊಂದರೆ ಇಲ್ಲ, ಎಷ್ಟು ದಿನ, ಎಲ್ಲಿ ಉಳಿಯುವುದು ಎಂಬಷ್ಟಾದರೂ ಕಾಗದ ತೋರಿಸಿ ಹೇಳುವಂತಿರಬೇಕು.

ಮೂರು, ಬ್ಯಾಂಕಾಕಿನಿಂದ ಬರುವಾಗ ಬೇರೆಯವರ ಬ್ಯಾಗ್, ಪಾರ್ಸೆಲ್ ಯಾವ ಕಾರಣಕ್ಕೂ ಹಿಡಿದುಕೊಳ್ಳಬೇಡಿ. ಅಲ್ಲಿಂದ ಹೈಡ್ರೋ ಗಾಂಜಾ ತಂದು ಬೆಂಗಳೂರು ಸೇರಿ ಹಲವು ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದವರ ಸುದ್ದಿ ಬರುತ್ತಲೇ ಇದೆ. "ಊರಿನವರೇ, ಸ್ವಲ್ಪ ತಗೊಂಡು ಹೋಗಿ" ಎಂದರೂ ಕೇಸು ಬೀಳುವುದು ಬ್ಯಾಗ್ ಹಿಡಿದವನ ಮೇಲೆ.

ನಾಲ್ಕು, ಅಂಗಡಿಯ ಗೋಡೆಗೆ "ವಿದೇಶದಲ್ಲಿ ಕೆಲಸ" ಎಂಬ ಪೋಸ್ಟರ್ ಅಂಟಿಸಲು ಯಾರಾದರೂ ಬಂದರೆ ಮೊದಲು ಅವರ ರಿಜಿಸ್ಟ್ರೇಷನ್ ನಂಬರ್ ಕೇಳಿ. ವಿದೇಶಕ್ಕೆ ಕೆಲಸಗಾರರನ್ನು ಕಳುಹಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತನಾಗಿರಬೇಕು. ಇ-ಮೈಗ್ರೇಟ್ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ನೋಂದಾಯಿತ ಏಜೆಂಟ್ ಕೂಡ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ಲಕ್ಷಗಟ್ಟಲೆ ಕೇಳುವವನು, ರಶೀದಿ ಕೊಡದವನು, "ಇಮಿಗ್ರೇಷನ್‌ನಲ್ಲಿ ಟೂರಿಸ್ಟ್ ಅಂತ ಹೇಳು" ಎಂದು ಕಲಿಸಿಕೊಡುವವನು ಎಂಥವನು ಎಂದು ಬೇರೆ ಹೇಳಬೇಕಾಗಿಲ್ಲ.

ಗ್ರಾಮ ಮಟ್ಟದಲ್ಲಿ ಆಗಬೇಕಾದ್ದು

ಈ ಮಾಹಿತಿ ಎಲ್ಲ ಸರಕಾರದ ಜಾಲತಾಣಗಳಲ್ಲಿ ಉಂಟು, ಹೆಚ್ಚಿನದು ಇಂಗ್ಲಿಷಿನಲ್ಲಿ. ಏಜೆಂಟ್ ಮಾತ್ರ ಕನ್ನಡ, ತುಳುವಿನಲ್ಲಿ ಮನೆಯ ಜಗಲಿಗೆ ಬಂದು ಮಾತಾಡುತ್ತಾನೆ. ಅವನು ಗೆಲ್ಲುವುದು ಅಲ್ಲಿ. ಗ್ರಾಮ ಪಂಚಾಯತ್ ಕಚೇರಿಯಲ್ಲಿ, ಸೊಸೈಟಿ ಕೌಂಟರಿನಲ್ಲಿ, ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಕನ್ನಡದ ಒಂದು ಹಾಳೆ ಅಂಟಿಸಿದರೆ, ಗ್ರಾಮಸಭೆಯಲ್ಲಿ ಪೊಲೀಸರು ಸೈಬರ್ ವಂಚನೆ ಬಗ್ಗೆ ಹೇಳುವಾಗ ಹತ್ತು ನಿಮಿಷ ವೀಸಾ ವಂಚನೆ ಬಗ್ಗೆಯೂ ಹೇಳಿದರೆ ದೊಡ್ಡ ಖರ್ಚೇನೂ ಇಲ್ಲ. ಚಿನ್ನದ ಮೇಲೆ ಸಾಲ ಕೊಡುವ ಸೊಸೈಟಿಯವರು "ಯಾಕೆ ಸಾಲ" ಎಂದು ಕೇಳುವಾಗ "ಏಜೆಂಟನ ನಂಬರ್ ನೋಡಿದ್ದೀರಾ" ಎಂದು ಕೇಳಿದರೂ ಒಂದೆರಡು ಮನೆ ಉಳಿಯಬಹುದು.

ಕೆಲಸದ ಆಫರ್ ಬಗ್ಗೆ ಸಂಶಯ ಇದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090ಕ್ಕೆ ಕರೆ ಮಾಡಿ ವಿಚಾರಿಸಬಹುದು. ಯುಎಇಯಲ್ಲಿ ಈಗಾಗಲೇ ತೊಂದರೆಯಲ್ಲಿ ಇರುವವರು ಅಲ್ಲಿಂದಲೇ 800 46342ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೇರೆ ದೇಶದಲ್ಲಿ ಸಿಲುಕಿದವರ ಪರವಾಗಿ ಮನೆಯವರು ಇಲ್ಲಿಂದಲೇ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಹಣ ಆನ್‌ಲೈನಿನಲ್ಲಿ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಬೇಕು.